ಡಬ್ಬಿಯಲ್ಲಿ ಹಿಡಿಯದ ಕೊನೆಯ ನುಡಿ

ಮುಧೋಳದ ಬಸ್ ನಿಲ್ದಾಣದ ಎದುರು ನನ್ನ ಚಹಾದಂಗಡಿ. ಅದರ ಗೋಡೆಗೆ ಅಂಟಿಕೊಂಡೇ ಸಿದ್ದಾರೂಢನ ಕಂಪ್ಯೂಟರ್ ಅಂಗಡಿ. ಹೀಗಾಗಿ ಈ ಮಹಾನುಭಾವನ ಚರಿತ್ರೆ ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಮೊದಲು ಮದುವೆ ಪತ್ರಿಕೆ ಟೈಪು ಮಾಡುತ್ತಿದ್ದ. ಅವನ ಪತ್ರಿಕೆಯಲ್ಲಿ ಹೂಬಳ್ಳಿ ಗೇಣುದ್ದ ಇರುತ್ತಿತ್ತು, ಮದುಮಗಳ ಹೆಸರನ್ನು ಮಾತ್ರ ಹುಡುಕಿ ಓದಬೇಕಾಗಿತ್ತು. 2009ರಲ್ಲಿ ಜಮಖಂಡಿಗೆ ಹೋಗಿ ಒಂದಿಷ್ಟು ದಿನ ಏನೋ ಕಲಿತು ಬಂದ. ಬಂದವನೇ ಬೋರ್ಡಿನ ಮೇಲೆ ‘ವೆಬ್ ತಜ್ಞ’ ಎಂದು ಬರೆಸಿದ. ತಜ್ಞನಂತೆ, ತಜ್ಞ!

ತಾಲ್ಲೂಕಿನ ಡೊಳ್ಳಿನ ಪದಗಳನ್ನೆಲ್ಲ ಇಂಟರ್‌ನೆಟ್ಟಿಗೆ ಏರಿಸುತ್ತೇನೆಂದು ಹೊರಟ. ಡೊಳ್ಳಿನ ಪದ ಹಾಡುವ ಕಸ್ತೂರೆವ್ವನನ್ನು ಕರೆಸಿ, ಹಾಡಿಸಿ, ಟೈಪು ಮಾಡಿಕೊಂಡ. ಅದು ಬೀರೇಶ್ವರ ದೇವರನ್ನು ಅವನಕ್ಕ ಮಾಯವ್ವ ಸಾಕಿದ ಕಥೆಯ ಪದ, ಕಸ್ತೂರೆವ್ವ ತಾನೇ ಕಟ್ಟಿದ್ದು. ಡೊಳ್ಳಿನ ಪದಕ್ಕೆ ಕೊನೆಯ ನುಡಿಯೇ, ಅಂದರೆ ಕೊನೆಯ ಚರಣವೇ ಸಹಿ. ಯಾವ ಊರು, ಯಾರು ಗುರು, ಕಟ್ಟಿದವರು ಯಾರು ಎಂಬುದನ್ನು ಅಲ್ಲಿಯೇ ಹೇಳಬೇಕು. ಕಸ್ತೂರೆವ್ವನ ಊರು ಬೀಳಗಿ ಕಡೆಯ ಬೀರಗಡ್ಡಿ. ಅಣೆಕಟ್ಟಿನ ಹಿನ್ನೀರು ಬಂದು ಮನೆ, ಗುಡಿ, ಗುರು ಧರೆಪ್ಪನ ಗದ್ದಿಗೆ ಎಲ್ಲ ನೀರೊಳಗೆ ಹೋದವು. ಜನ ಪುನರ್ವಸತಿ ಕೇಂದ್ರದಲ್ಲಿದ್ದಾರೆ, ಅಲ್ಲಿಗೆ ಹೋಗುವ ಬಸ್ಸಿಗೂ ಬೇರೆಯೇ ಹೆಸರಿನ ಬೋರ್ಡು. ಹಳೆಯ ಹೆಸರು ಉಳಿದದ್ದು ಅವಳ ಪದದಲ್ಲಿ ಮಾತ್ರ.

“ಮುತ್ತಣ್ಣಾ, ಕಡೀ ನುಡಿ ಬಂದೈತೇನ ನೋಡೋ. ನನಗ ಓದಾಕ ಬರಂಗಿಲ್ಲ” ಎಂದು ಅವಳೇ ನನ್ನನ್ನು ಕರೆದೊಯ್ದಳು.

ನೋಡಿದೆ. ಪರದೆಯ ಮೇಲೆ ಹೂಬಳ್ಳಿಯ ಅಂಚಿನ ಒಂದು ಚೌಕ. ಅದನ್ನು ಅವನು ಡಬ್ಬಿ ಎನ್ನುತ್ತಿದ್ದ. ಪದದ ಫೈಲು ಆ ಡಬ್ಬಿಯೊಳಗೆ ತೆರೆದುಕೊಂಡಿತ್ತು. ಪಲ್ಲವಿಗೆ ಕೆಂಪು ಬಣ್ಣ, ನುಡಿಗಳಿಗೆ ದಪ್ಪಕ್ಷರ, ಬಲು ಚಂದ. ಡಬ್ಬಿಯ ತಳ ಬಂದಲ್ಲಿ ಪದ ಕಡಿದು ಹೋಗಿತ್ತು. ಕೊನೆಯ ನುಡಿಯೇ ಇಲ್ಲ. ಕೆಳಗೆ ‘ಸಂಗ್ರಹ: ಸಿದ್ದಾರೂಢ’, ಅದರ ಕೆಳಗೆ ಕರಿ ಕನ್ನಡಕ ಹಾಕಿಕೊಂಡ ಅವನದೇ ಫೋಟೋ.

“ಕಡೀ ನುಡಿ ಎಲ್ಲಿ ಹೋತಲೇ?” ಎಂದೆ.

“ಎಲ್ಲೂ ಹೋಗಿಲ್ಲ ಕಾಕಾ, ಫೈಲ್‌ನಾಗ ಐತಿ. ಡಬ್ಬ್ಯಾಗ ಹಿಡಿಯೂವಷ್ಟ ಕಾಣತೈತಿ.”

“ಹಂಗಾರ ಡಬ್ಬಿ ದೊಡ್ಡದು ಮಾಡು.”

“ನನ್ನ ಫೋಟೋ ಕೆಳಗ ಸರೀತೈತ್ರೀ.”

“ಬಾಜೂಕ ಸರಿಸಿ ಓದೂ ಪಟ್ಟಿ ಇರತೈತೆಲ್ಲಾ, ಅದನ್ನರ ಹಚ್ಚು.”

“ಅಸಹ್ಯ ಕಾಣತೈತಿ. ಡಿಸೈನ್ ನಿಮಗ ತಿಳಿಯಂಗಿಲ್ಲ ಬಿಡ್ರಿ.”

ಕಸ್ತೂರೆವ್ವ ಸೆರಗು ಬಿಗಿದುಕೊಂಡು ಎದ್ದಳು. “ಊರು ನೀರಾಗ ಮುಳುಗಿತು. ಹೆಸರು ನಿನ್ನ ಡಬ್ಬ್ಯಾಗ ಮುಳುಗಬೇಕೇನೋ?”

“ಮುಂದಿನ ವಾರ ನೋಡೂಣಬೇ” ಎಂದು ಹಲ್ಲು ಕಿರಿದ. ಆ ಮುಂದಿನ ವಾರ ಬರಲೇ ಇಲ್ಲ.

ಅದೇ ವರ್ಷ ಲೋಕಾಪುರದಲ್ಲಿ ಡೊಳ್ಳಿನ ಪದದ ಸ್ಪರ್ಧೆ. ಗೆದ್ದವರಿಗೆ ಬೆಳ್ಳಿ ಕಡಗ. ಬನಹಟ್ಟಿಯ ಯಮನಪ್ಪನ ಮೇಳ ಕಸ್ತೂರೆವ್ವನ ಪದವನ್ನೇ ಎತ್ತಿಕೊಂಡಿತು. ಇಂಟರ್‌ನೆಟ್ಟಿನಲ್ಲಿ ಕಂಡಷ್ಟನ್ನು ಬರೆದುಕೊಂಡು ಬಾಯಿಪಾಠ ಮಾಡಿದ್ದರಂತೆ. ಚೆನ್ನಾಗಿಯೇ ಹಾಡಿದರು, ಸುಳ್ಳೇಕೆ ಹೇಳಲಿ. ಆದರೆ ಊರಿಲ್ಲ, ಗುರುವಿಲ್ಲ, ಡಬ್ಬಿಯ ತಳ ಬಂದಲ್ಲಿಗೇ ನಿಲ್ಲಿಸಿದರು. ತೀರ್ಪುಗಾರರಾಗಿದ್ದ ಪಂಚರು ಕಡಗ ಅವರಿಗೇ ಎಂದು ಸಾರಿದರು.

“ಪದ ನಂದ್ರೀ. ಕಡೀ ನುಡಿಯಾಗ ನಮ್ಮೂರ ಹೆಸರೈತಿ” ಎಂದು ಕಸ್ತೂರೆವ್ವ ನಿಂತುಕೊಂಡಳು.

ವೇದಿಕೆಯ ಮೇಲೆ ಶಾಲು ಹೊದ್ದು ಕೂತ ಅತಿಥಿ ಯಾರು? ನಮ್ಮ ತಜ್ಞರೇ! ಲ್ಯಾಪ್‌ಟಾಪ್ ತೆರೆದು ಪಂಚರ ಕಡೆ ತಿರುಗಿಸಿದ. “ಅಂಥಾ ನುಡಿ ಇಲ್ಲಿ ಇಲ್ರೀ, ಬೇಕಾರ ನೋಡ್ರಿ.”

ಎಲಾ ಇವನ! ಕತ್ತರಿ ಆಡಿಸಿದವನೇ ಸಾಕ್ಷಿ ಹೇಳುವುದೇ? ನಾನು ಕೆಳಗಿನಿಂದ ಕೂಗಿದೆ, “ಫೈಲ್ ತಗಿಯಲೇ, ಭಾಡ್ಯಾ!”

“ಫೈಲ್ ಅಂಗಡ್ಯಾಗ ಐತಿ” ಎಂದ, ಮುಖ ಮೇಲೆತ್ತದೆ.

ಅಷ್ಟರಲ್ಲಿ ಯಮನಪ್ಪ ಎದ್ದು ಬಂದ. “ಯವ್ವಾ, ಈ ಪದ ಪೂರಾ ಇಲ್ಲಂತ ನಮಗೂ ಅನಸಿತ್ತು. ಹಾಡು, ನಾ ಡೊಳ್ಳು ಬಾರಸ್ತೇನಿ.”

ಕಸ್ತೂರೆವ್ವ ಕಿವಿಗೆ ಕೈಯಿಟ್ಟು ಎತ್ತಿದಳು:

ಹೊಳಿದಂಡಿ ಬೀರಗಡ್ಡಿ ನೀರಾಗ ನಿಂತೂರ
ಧರೆಪ್ಪ ಗುರು ಕಲಿಸ್ಯಾನ, ಕಸ್ತೂರಿ ಹಾಡ್ಯಾಳ

ಬೀರಗಡ್ಡಿಯ ಜನ ಎಲ್ಲೆಲ್ಲಿ ಕೂತಿದ್ದರೋ ಅಲ್ಲಲ್ಲೇ ಎದ್ದು ನಿಂತರು. ಯಮನಪ್ಪ ಕಡಗ ತಂದು ಅವಳ ಮುಂದೆ ಹಿಡಿದ.

“ಕಡಗ ನೀನ ಇಟ್ಕೋ ತಮ್ಮಾ” ಎಂದಳು. “ಹಾಡಿದಲ್ಲೆಲ್ಲಾ ಊರ ಹೆಸರು ಮಾತ್ರ ಬಿಡಬ್ಯಾಡ.”

ಮರುದಿನ ಬೆಳಿಗ್ಗೆ ತಜ್ಞರು ಏನೂ ಆಗದವರ ಹಾಗೆ ಬಂದು ನನ್ನ ಬೆಂಚಿನ ಮೇಲೆ ಕೂತರು. “ಕಾಕಾ, ಒಂದು ಖಡಕ್ ಚಹಾ.” ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಸಣ್ಣ ಕಪ್ಪು ಹುಡುಕಿ ತೆಗೆದೆ. ಅದರ ಮೇಲೂ ಹೂಬಳ್ಳಿಯ ಚಿತ್ರವಿತ್ತು. ತುಂಬಿಸಿ ಮುಂದಿಟ್ಟೆ.

“ಇದೇನ್ರೀ, ಒಂದ ಗುಟುಕಿಗೆ ಮುಗೀತು! ಉಳಿದದ್ದು ಎಲ್ಲಿ?”

“ಎಲ್ಲೂ ಹೋಗಿಲ್ಲೋ, ಕಿಟ್ಲ್ಯಾಗ ಐತಿ. ಕಪ್ಪಿನ್ಯಾಗ ಹಿಡಿಯೂವಷ್ಟ ಕಾಣತೈತಿ” ಎಂದೆ. “ನಿನ್ನ ಡಬ್ಬಿ ದೊಡ್ಡದಾಗೂಮಟ ನಿನಗ ಇದ ಕಪ್ಪು.”