ನೀರು ಬೇಡವೆಂದ ಕಾಂಪೊಸಿಷನ್ ಮೇಷ್ಟ್ರು

ರಂಗನಾಥಂ ಸಾರ್ ನಮ್ಮ ಕಾಗದಗಳನ್ನು ಓದುವ ಮೊದಲು ಮಡಿಸುತ್ತಿದ್ದರು. ಮೇಲಿನಿಂದ ನಾಲ್ಕು ಬೆರಳಗಲ ಹಿಂದಕ್ಕೆ ಮಡಿಸಿ, ಮಡಿಕೆಯ ಮೇಲೆ ಹೆಬ್ಬೆರಳ ಉಗುರನ್ನು ಒಮ್ಮೆ ಎಳೆದು, ಉಳಿದದ್ದನ್ನು ಓದಲು ಶುರುಮಾಡುತ್ತಿದ್ದರು. ನಾವು ಕಷ್ಟಪಟ್ಟು ಕಟ್ಟಿದ ಆರಂಭವೆಲ್ಲ ಮಡಿಕೆಯ ಹಿಂದೆ ಹೋಗಿಬಿಡುತ್ತಿತ್ತು. ಯಾರಾದರೂ ಮುಖ ಸಣ್ಣದು ಮಾಡಿಕೊಂಡರೆ, "ಅದು ನೀನು ಚಪ್ಪಲಿ ಬಿಟ್ಟ ಜಾಗ, ತಂಬಿ. ಮನೆಯೊಳಗೆ ಏನಿದೆ ಅಂತ ನಾನು ನೋಡಬೇಡವೇ?" ಎನ್ನುತ್ತಿದ್ದರು.

ಅದು ಕೊಯಮತ್ತೂರಿನ ಪೀಳಮೇಡಿನ ಒಂದು ಕಾಲೇಜು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಇಂಟರ್‌ಮೀಡಿಯೆಟ್ ಮೊದಲ ವರ್ಷದವರಿಗೆ ವಾರಕ್ಕೊಂದು ಮಧ್ಯಾಹ್ನ ಇಂಗ್ಲಿಷ್ ಕಾಂಪೊಸಿಷನ್. ಸಾರ್ ಪಂಚೆಯ ಮೇಲೆ ಕ್ಲೋಸ್ ಕೋಟು ತೊಟ್ಟು ಸೈಕಲ್ಲಿನಲ್ಲಿ ಬರುತ್ತಿದ್ದರು. ಸೈಕಲ್ಲಿನ ಬೆಲ್ ಕೆಟ್ಟು ಎಷ್ಟು ಕಾಲವಾಗಿತ್ತೋ, ದಾರಿಯುದ್ದಕ್ಕೂ "ಓರಂ, ಓರಂ" ಎಂದು ತಾವೇ ಕೂಗಿಕೊಂಡು ಜನರನ್ನು ಪಕ್ಕಕ್ಕೆ ಸರಿಸುತ್ತಿದ್ದರು. ನಾನು ಮಡತ್ತುಕುಳಂ ಕಡೆಯ ಕನ್ನಡದ ಮನೆಯ ಹುಡುಗ ಎಂದು ತಿಳಿದ ದಿನ ವರಾಂಡಕ್ಕೆ ಕರೆದು, "ನಮ್ಮನೇಲೂ ಅದೇ ಮಾತು" ಎಂದು ಮೆಲ್ಲಗೆ ಹೇಳಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಕನ್ನಡದ ಅಕ್ಷರ ಮಾತ್ರ ಅವರಿಗೂ ಬರುತ್ತಿರಲಿಲ್ಲ, ಆಗ ನನಗೂ ಬರುತ್ತಿರಲಿಲ್ಲ.

ನಾವೆಲ್ಲ ಹೈಸ್ಕೂಲಿನಲ್ಲಿ ಗೈಡಿನ ಪ್ರಬಂಧಗಳನ್ನು ಬಾಯಿಪಾಠ ಮಾಡಿ ಬಂದವರು. ನಿಮ್ಮ ಊರಿನ ಬಗ್ಗೆ ಬರೆಯಿರಿ ಎಂದರೆ ಪಲ್ಲಡದ ಕಡೆಯ ಒಬ್ಬ ತನ್ನ ಮನೆಯ ಹಿಂದೆ ತೊರೆ ಹರಿಸಿ ಅದರಲ್ಲಿ ಬಿಳಿ ನೈದಿಲೆ ಅರಳಿಸಿದ್ದ. ಸಾರ್ ಅದನ್ನು ಓದಿ ಅವನ ಕಡೆ ತಿರುಗಿದರು. "ನಿಮ್ಮೂರಿಗೆ ನಾನು ಹೆಣ್ಣು ನೋಡೋಕೆ ಬಂದಿದ್ದೆ, ತಂಬಿ. ಕಾಲು ತೊಳೆಯೋಕೆ ಅರ್ಧ ಚೊಂಬು ನೀರು ಕೊಟ್ಟರು. ಈ ತೊರೆ ಆಗ ಎಲ್ಲಿ ಅಡಗಿತ್ತು?" ಎಂದರು. ಆ ಹುಡುಗನೇ ಎಲ್ಲರಿಗಿಂತ ಜೋರಾಗಿ ನಕ್ಕ.

ನನ್ನ ಕಾಯಿಲೆ ಬೇರೆ. ನಮ್ಮ ಕಡೆ ಯಾರ ಮನೆಗೆ ಹೋದರೂ ಬಂದ ವಿಷಯವನ್ನು ಕೂಡಲೇ ಹೇಳುವುದಿಲ್ಲ. ಜಗಲಿಯಲ್ಲಿ ಕೂತು ನೀರು ಕುಡಿದು, ಮಳೆ ಕೇಳಿ, ಬಾವಿಯ ನೀರು ಕೇಳಿ, ಕರು ಹಾಕಿದ ಹಸುವನ್ನು ವಿಚಾರಿಸಿ, ಎದ್ದು ಹೊರಡುವಾಗ ಎಂಬಂತೆ ವಿಷಯ ತೆಗೆಯಬೇಕು. ನಾನು ಬರೆಯುತ್ತಿದ್ದುದೂ ಹಾಗೆಯೇ. ಸಾರ್ ಮಡಿಸಿದ ಮೇಲೆ ನನ್ನ ಕಾಗದದಲ್ಲಿ ಎರಡು ವಾಕ್ಯ ಉಳಿಯುತ್ತಿದ್ದವು. ಅರ್ಧವರ್ಷದ ಪರೀಕ್ಷೆಯಲ್ಲಿ ಕಾಂಪೊಸಿಷನ್ನಿನಲ್ಲಿ ಫೇಲಾದೆ. ಪೊಂಗಲ್ ರಜೆಗೆ ಊರಿಗೆ ಹೋದಾಗ ಅಪ್ಪ ಬೈಯಲಿಲ್ಲ. ಹತ್ತಿ ಬಿಡಿಸಲು ಆಳು ಸಿಗುತ್ತಿಲ್ಲ, ಓದಿದ್ದು ಸಾಕು ಎಂದರು. ರಜೆ ಮುಗಿಯಿತು. ನಾನು ಹೊಲದಲ್ಲೇ ಉಳಿದೆ. ಯಾರಿಗೂ ಹೇಳಲಿಲ್ಲವಾದರೂ, ಕೊಯಮತ್ತೂರಿನ ಬಸ್ಸಿನ ಸದ್ದು ಕೇಳಿದಾಗಲೆಲ್ಲ ನನ್ನ ಕೈ ಕೆಲಸ ನಿಲ್ಲಿಸುತ್ತಿತ್ತು.

ಒಂದು ಬೆಳಗ್ಗೆ ಎತ್ತುಗಳ ಮೈ ತೊಳೆಯಲು ಅಮರಾವತಿ ಹೊಳೆಗೆ ಹೋಗಿದ್ದೆ. ಹೊಳೆಯಲ್ಲಿ ನೀರು ಜೋರಾಗಿತ್ತು. ನಾನಿಲ್ಲದಾಗ ಸಾರ್ ನಮ್ಮ ಮನೆಗೆ ಬಂದರು. ಮುಂದಿನದನ್ನು ಅಪ್ಪ, ಅವ್ವ, ಸಾರ್ ಮೂವರ ಬಾಯಿಂದಲೂ ಕೇಳಿದ್ದೇನೆ. ಮೂವರೂ ಒಂದೇ ರೀತಿ ಹೇಳಿದರು. ನನ್ನನ್ನು ಮತ್ತೆ ಕಾಲೇಜಿಗೆ ಕರೆದೊಯ್ಯಲು ಅವರು ಬಂದಿದ್ದರು, ಮಧ್ಯಾಹ್ನದ ಬಸ್ಸಿಗೆ ವಾಪಸಾಗಬೇಕಿತ್ತು. ತಾವು ತರಗತಿಯಲ್ಲಿ ಹೇಳುವ ನಿಯಮವನ್ನೇ ಪಾಲಿಸಿದರು. ಅಂಗಳದ ಬಿಸಿಲಿನಲ್ಲಿ ನಿಂತರು, ಚಪ್ಪಲಿ ಬಿಡಲಿಲ್ಲ. ಅವ್ವ ಚೊಂಬು ತಂದಾಗ, "ನೀರು ಬೇಡಮ್ಮ. ನಂಜಪ್ಪನ ವಿಷಯ ಹೇಳೋಕೆ ಬಂದೆ" ಎಂದರು.

ನಮ್ಮ ಊರುಗಳಲ್ಲಿ ಹೊರಗೇ ನಿಂತು, ನೀರು ಮುಟ್ಟದೆ, ಬಂದ ಕೂಡಲೇ ವಿಷಯ ತೆಗೆಯುವವನು ಒಬ್ಬನೇ. ಸಾವಿನ ಸುದ್ದಿ ತಂದವನು.

ನಾನು ಎತ್ತುಗಳನ್ನು ಹಿಡಿದು ಬೀದಿಯ ತಿರುವಿಗೆ ಬಂದಾಗ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ನಮ್ಮ ಮನೆಯ ಮುಂದೆ ಜನ. ಒಳಗೆ ಅವ್ವನ ಗೋಳು. ಚೊಂಬು ಅಂಗಳದಲ್ಲಿ ಉರುಳಿ ಬಿದ್ದಿತ್ತು, ಚೆಲ್ಲಿದ ನೀರು ಇನ್ನೂ ಇಂಗಿರಲಿಲ್ಲ. ಅಪ್ಪ ಜಗಲಿಯ ಕಂಬಕ್ಕೆ ಹಣೆ ಒತ್ತಿ ಕೂತಿದ್ದರು. ನಾಲ್ಕು ಜನರೆದುರು ತಲೆಯ ಮುಂಡಾಸು ತೆಗೆಯದ ಮನುಷ್ಯ. ಅದು ಬಿಚ್ಚಿ ಭುಜದ ಮೇಲೆ ಜಾರಿದ್ದು ಅವರಿಗೆ ಗೊತ್ತಿರಲಿಲ್ಲ. ಜನರ ನಡುವೆ ಸಾರ್ ನಿಂತಿದ್ದರು. ಇಬ್ಬರು ಅವರ ತೋಳು ಹಿಡಿದು ಸಮಾಧಾನ ಮಾಡುತ್ತಿದ್ದರು.

"ಹೊಳೇಲಿ ಎಲ್ಲಿ ಸಿಗ್ತು ವಾದ್ಯಾರೇ?" ಎಂದು ಒಬ್ಬರು ಕೇಳಿದರು.

"ಏನು ಸಿಕ್ಕಿದ್ದು?" ಎಂದರು ಸಾರ್.

"ಪಾವಂ, ಅವ್ರಿಗೂ ಬುದ್ಧಿ ಕಲಕಿಹೋಗಿದೆ" ಎಂದು ಇನ್ನೊಬ್ಬರು ತೋಳನ್ನು ಮತ್ತಷ್ಟು ಬಿಗಿಯಾಗಿ ಹಿಡಿದರು.

ತಂಗಿಯೋ, ಅಜ್ಜನೋ ಎಂದುಕೊಂಡೆ. ಹಿಂದೆ ನಿಂತಿದ್ದ ಪಕ್ಕದ ಮನೆಯ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ತಲೆ ಎತ್ತದೆ, "ಎತ್ತು ಆ ಕಡೆ ಕಟ್ಟು ಕಂದಾ. ಇಲ್ಲಿ ಸಾವಾಗಿದೆ" ಎಂದಳು.

"ಯಾರು ಅಜ್ಜಿ?"

"ನಮ್ಮ ನಂಜ."

ಹೇಳಿದ ಮೇಲೆ ತಲೆಯೆತ್ತಿ ನೋಡಿದಳು. ನನ್ನ ತೋಳನ್ನು ಜೋರಾಗಿ ಚಿವುಟಿದಳು. ನೋವಾಗಿ ನಾನು ಕೂಗಿದೆ. ಆ ಕೂಗಿಗೆ ಒಳಗಿನ ಗೋಳು ನಿಂತಿತು.

ಅವ್ವ ಓಡಿ ಬಂದು ಮೊದಲು ಹೊಡೆದಳು, ಆಮೇಲೆ ತಬ್ಬಿಕೊಂಡಳು. ಜನ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದರು. ಸಾರ್ ಮಾತ್ರ ಕೈಮುಗಿದು ಎಲ್ಲರಲ್ಲೂ ತಪ್ಪಾಯಿತು ಎನ್ನುತ್ತ, ಜಗಲಿಯಲ್ಲಿ ಕೂತು, ಕೊಟ್ಟ ನೀರು ಕುಡಿದರು, ಮಜ್ಜಿಗೆ ಕುಡಿದರು, ಮತ್ತೆ ನೀರು ಕುಡಿದರು. ಕೊನೆಗೆ ತಾವು ಬಂದ ಕಾರಣ ಹೇಳಿದಾಗ ಅಪ್ಪ, "ಇವ್ನು ಇಲ್ಲ ಅಂತ ಈಗಷ್ಟೇ ಅತ್ತೆ. ಇದಾನೆ. ಪರೀಕ್ಷೆ ವರೆಗೂ ಕರ್ಕೊಂಡು ಹೋಗಿ. ಆಮೇಲೆ ನಂಗೆ ಬೇಕು" ಎಂದರು.

ಮುಂದಿನ ತರಗತಿಯಲ್ಲಿ ಸಾರ್ ಈ ಕಥೆಯನ್ನು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತ ಎಲ್ಲರಿಗೂ ಹೇಳಿದರು. ಹುಡುಗರು ಮೇಜು ತಟ್ಟಿ ನಕ್ಕರು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, "ನೀನು ಸತ್ತ ದಿನದ ಬಗ್ಗೆ ಬರಿ. ಕಂಡಷ್ಟೇ ಬರಿ" ಎಂದರು. ಬರೆಯುವಾಗ ಮಳೆಯನ್ನೂ ಹಸುವನ್ನೂ ವಿಚಾರಿಸಲು ಮರೆತೆ. ಸಾರ್ ಮಡಿಸಲು ಬೆರಳಿಟ್ಟವರು ಮೊದಲ ಸಾಲಿನಲ್ಲೇ ನಿಂತರು. ಕಾಗದ ಮಡಿಸದೆ ಪೂರ್ತಿ ಓದಿದರು. ಹೊಗಳಲಿಲ್ಲ. ಇದನ್ನು ನಾನು ಇಟ್ಟುಕೊಳ್ಳಲೇ ಎಂದು ಕೇಳಿದರು.

ವರ್ಷದ ಕೊನೆಯ ಪರೀಕ್ಷೆ ಮುಗಿದ ದಿನ ಅಪ್ಪ ನನ್ನ ಹಾಸಿಗೆ, ಟ್ರಂಕು ಒಯ್ಯಲು ಬಂದರು. ಹೇಳಿಹೋಗಲು ಇಬ್ಬರೂ ಸಾರ್ ಮನೆಗೆ ಹೋದೆವು. ಬಾವಿ, ಹತ್ತಿ, ಕಾಂಗೇಯಂ ಎತ್ತುಗಳ ಬೆಲೆ ಎಲ್ಲ ಮಾತಾಯಿತು. ಸಾರ್ ಮದರಾಸಿನ ಕಡೆಯ ಕಾಲೇಜಿಗೆ ಹೋಗುತ್ತಿರುವುದೂ ಮಾತಿನ ನಡುವೆ ಬಂತು. ನನ್ನ ಓದಿನ ಮಾತು ಬರಲಿಲ್ಲ. ನಾವು ಏಳುವ ಹೊತ್ತಿಗೆ ಸಾರ್ ಒಳಗೆ ಹೋಗಿ ಆ ಕಾಗದ ತಂದರು. ಒಂದೊಂದೇ ವಾಕ್ಯವನ್ನು ನಮ್ಮ ಮನೆಮಾತಿಗೆ ತಿರುಗಿಸುತ್ತ ಓದಿದರು. ಅಜ್ಜಿ ಚಿವುಟಿದ ಕಡೆ ಅಪ್ಪ ನಕ್ಕರು. ಕಂಬ, ಒತ್ತಿದ ಹಣೆ, ಜಾರಿದ ಮುಂಡಾಸು ಬಂದಾಗ ನೆಲ ನೋಡಿದರು.

"ಇದನ್ನೆಲ್ಲಾ ಇವ್ನು ಯಾವಾಗ ನೋಡ್ದ?" ಎಂದು ಕೇಳಿದರು.

"ನೀವು ಅವನಿಗೋಸ್ಕರ ಅಳ್ತಿದ್ದಾಗ" ಎಂದರು ಸಾರ್. ಬೇರೇನೂ ಕೇಳಲಿಲ್ಲ, ಬೇಡಲಿಲ್ಲ.

ಬಸ್ಸು ಉಡುಮಲೆ ದಾಟಿತು. ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ, ಕಾಲೇಜು ಮತ್ತೆ ಯಾವಾಗ ತೆಗೆಯುತ್ತದೆ ಎಂದು ಕೇಳಿದರು. ಜೂನಿನಲ್ಲಿ ಎಂದೆ. "ಹಾಸಿಗೆ ಬಿಚ್ಚಬೇಡ, ಹಾಗೇ ಇರಲಿ" ಎಂದರು.

ಜೂನಿನಲ್ಲಿ ಹೋದೆ. ಕಾಂಪೊಸಿಷನ್ನಿಗೆ ಬೇರೊಬ್ಬರು ಬಂದಿದ್ದರು, ಒಳ್ಳೆಯವರೇ. ನಾನು ಪಾಸಾದದ್ದನ್ನಾಗಲಿ, ಅಪ್ಪ ಬಸ್ಸಿನಲ್ಲಿ ಹೇಳಿದ್ದನ್ನಾಗಲಿ ರಂಗನಾಥಂ ಸಾರ್‌ಗೆ ತಿಳಿಸಲು ಆಗಲಿಲ್ಲ. ಅವರ ಮದರಾಸಿನ ವಿಳಾಸ ಕಾಲೇಜಿನಲ್ಲಿ ಯಾರ ಬಳಿಯೂ ಇರಲಿಲ್ಲ.