ಕಂದು ಬಣ್ಣಕ್ಕೆ ತಿರುಗಿದ ತಂತಿ

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಉಜ್ಜಕ್ಕ ಎಂದೇ ಕರೆಯುತ್ತಿದ್ದರು. ಮಗಳು ಕಾಲೇಜು ಸೇರಿದ ಮೇಲೆ ತಾನೂ ಸಂಶೋಧನೆಗೆ ಸೇರಿಕೊಂಡ ಗಟ್ಟಿಗಿತ್ತಿ ಆಕೆ. ಕ್ಷಾರದ ನೀರಿಗೆ ಸಾಬೂನಿನ ಜಾತಿಯ ಪುಡಿ ಬೆರೆಸಿ, ಅದರಲ್ಲಿ ತಾಮ್ರದ ತಂತಿ ಅದ್ದಿ, ವಿದ್ಯುತ್ ಹರಿಸಿ, ಅಮೈನೋ ಆಮ್ಲ ಎಷ್ಟಿದೆಯೆಂದು ಅಳೆಯುವುದು ಆಕೆಯ ಕೆಲಸ. ಆಮ್ಲವಿದ್ದರೆ ಪರದೆಯ ಮೇಲಿನ ಗೆರೆ ಗುಡ್ಡದಂತೆ ಏಳಬೇಕು. ಅಷ್ಟೇ ಆಮ್ಲ ಹಾಕಿದರೂ ಈ ಹಾಳು ಗೆರೆ ಒಂದು ದಿನ ಏಳುತ್ತಿತ್ತು, ಮರುದಿನ ಮಕಾಡೆ ಮಲಗುತ್ತಿತ್ತು.

ತಪ್ಪೆಲ್ಲ ಕೊಳೆಯದೇ ಎಂದು ನಂಬಿದ ಅಕ್ಕ ಪ್ರತಿ ಸಲವೂ ತಂತಿಯ ತುದಿಯನ್ನು ಉಪ್ಪುಕಾಗದದಿಂದ ಫಳಫಳ ಹೊಳೆಯುವಂತೆ ಉಜ್ಜುತ್ತಿದ್ದಳು.

"ಮನೆ ಪಾತ್ರೆ ಸಾಲದು ಅಂತ ಅಲ್ಲೂ ಉಜ್ಜೋಕೆ ಹೋಗ್ತೀಯಾ?" ಎಂದು ಗಂಡ ರೇಗಿಸುತ್ತಿದ್ದ.

"ಬನ್ನಿ, ನಿಮ್ಮ ತಲೇನೂ ಉಜ್ತೀನಿ. ಏನಾದ್ರೂ ಹೊಳೆದೀತು!"

ಬಾಯಿ ಜೋರಿದ್ದರೂ ಒಳಗೊಳಗೇ ಆಕೆಗೆ ಪುಕಪುಕ. ಪ್ರೊಫೆಸರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಈ ವಾರ ಗೆರೆ ಒಂದೇ ಸಮ ಬಂದ್ರೆ ಸರಿ. ಇಲ್ಲಾಂದ್ರೆ ಈ ಕೆಲಸ ನಿಲ್ಲಿಸಿಬಿಡೋಣ. ನಿಮ್ಮ ಜಾಗಕ್ಕೆ ಬೇರೆಯವರು ಕಾಯ್ತಿದ್ದಾರೆ."

ಅಂಥ ವಾರದಲ್ಲೇ ಮಗಳಿಗೆ ಜ್ವರವೆಂದು ಫೋನ್ ಬರಬೇಕೆ! ಅಕ್ಕ ತಂತಿಯನ್ನು ದ್ರಾವಣದಲ್ಲೇ ಬಿಟ್ಟು ಮನೆಗೆ ಓಡಿದಳು. ಮರುದಿನ ಬಂದು ನೋಡಿದರೆ, ಅಯ್ಯೋ ಕರ್ಮವೇ, ತುದಿಯೆಲ್ಲ ಕಂದುಗಟ್ಟಿದೆ. ಉಜ್ಜಲು ಕೈ ತುರಿಸಿತು. ಆದರೆ ಹೊತ್ತೆಲ್ಲಿದೆ? ಹಾಳಾಗಿ ಹೋಗಲಿ, ಹೀಗೇ ನೋಡಿಬಿಡೋಣ ಎಂದು ಯಂತ್ರದ ಗುಂಡಿ ಒತ್ತಿದಳು.

ಗೆರೆ ಎದ್ದಿತು. ಮತ್ತೆ ಒತ್ತಿದಳು, ಅಷ್ಟೇ ಎತ್ತರಕ್ಕೆ ಎದ್ದಿತು. ಆಗ ತಲೆಗೆ ಹೊಳೆಯಿತು: ಆಮ್ಲ ಹಿಡಿಯುವುದು ಈ ಕಂದು ಪೊರೆಯೇ! ಅದಕ್ಕೆ ಕೊಳೆ ಮೆತ್ತದಂತೆ ಸಾಬೂನು ಕಾಯುತ್ತಿದೆ. ತಾನು ದಿನವೂ ಕೆರೆದು ಎಸೆಯುತ್ತಿದ್ದುದು ಇದನ್ನೇ! ಚೂರುಪಾರು ಉಳಿದ ದಿನ ಗೆರೆ ಎದ್ದಿತ್ತು, ಅಷ್ಟೇ.

ಓಡಿಹೋಗಿ ಪ್ರೊಫೆಸರನ್ನು ಕರೆತಂದಳು. ಅವರು ಪರದೆಯನ್ನೇ ದಿಟ್ಟಿಸಿದರು. "ಏನು ಮಾಡಿದ್ರಿ?"

"ಏನೂ ಮಾಡ್ಲಿಲ್ಲ ಸರ್. ಮರೆತು ಬಿಟ್ಟುಹೋಗಿದ್ದೆ."

"ಹಾಗಾದ್ರೆ ಹೊಸ ತಂತಿ ತಗೊಳ್ಳಿ. ಈ ಸಲ ಬೇಕಂತಲೇ ಮರೀರಿ."

ಮರುದಿನ ಬೆಳಗ್ಗೆ ಪ್ರೊಫೆಸರು ಬೆನ್ನ ಹಿಂದೆ ನಿಂತಿದ್ದರು. ಅಕ್ಕ ಗುಂಡಿ ಒತ್ತಿದಳು. ಹೊಸ ತಂತಿಯಲ್ಲೂ ಗೆರೆ ಅಷ್ಟೇ ಎತ್ತರಕ್ಕೆ ಎದ್ದಿತು.

"ಸರ್, ಅಂದ್ರೆ ನಾನು ಇಲ್ಲೇ..."

"ಇನ್ನೆಲ್ಲಿಗೆ ಹೋಗ್ತೀರಿ? ಮುಂದೆ ರಕ್ತದಲ್ಲಿ ಅಳೀಬೇಕು. ಯಾರಮ್ಮ ಮಾಡ್ತಾರೆ ಅದನ್ನ?"

ಅಕ್ಕ ಕುರ್ಚಿಗೆ ಕುಸಿದು ಗಳಗಳನೆ ಅತ್ತುಬಿಟ್ಟಳು. ಪ್ರೊಫೆಸರು ಗಾಬರಿಯಾಗಿ ದ್ರಾವಣದ ಬೀಕರನ್ನು ಆಚೆ ಸರಿಸಿದರು.

"ಅಳಿ, ಅಳಿ, ಪರವಾಗಿಲ್ಲ. ಇದಕ್ಕೆ ಮಾತ್ರ ಕಣ್ಣೀರು ಬೀಳಿಸಬೇಡಿ, ಗೆರೆ ಕೆಟ್ಟೀತು!"