ಫ್ರೀಜರಿನಲ್ಲಿ ಮೂರು ದಾರ

ಜೀವಮಾನದಲ್ಲಿ ಒಂದು ಮೀನನ್ನೂ ಮುಟ್ಟದ ನಾನು ಮೀನು ಹಿಡಿಯುವ ದಾರದ ಬಗ್ಗೆ ಒಂದು ಗಂಟೆ ಉಸಿರು ಬಿಡದೆ ಮಾತಾಡಬಲ್ಲೆ. ಇದು ಜಂಬವಲ್ಲ, ತಪ್ಪೊಪ್ಪಿಗೆ. ಬೀಗರ ದೆಸೆಯಿಂದ ಅಂಟಿಕೊಂಡ ಪಾಂಡಿತ್ಯ.

ನಮ್ಮ ಅಳಿಯ ಮಿನ್ನೆಸೋಟದ ಹುಡುಗ. ಅವನ ತಂದೆ ಕಾರ್ಲ್ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಕುಳಿತು, ಐಸಿಗೆ ತೂತು ಕೊರೆದು, ವಾಲೈ ಎಂಬ ಮೀನಿಗೆ ಗಾಳ ಹಾಕುವವರು. ಮಗಳ ಮದುವೆಯಾದ ಮೊದಲ ಚಳಿಗಾಲಕ್ಕೇ ನನ್ನನ್ನೂ ಕರೆದರು. ಸಾಮಾನೆಲ್ಲ ತಮ್ಮಲ್ಲಿದೆ, ದಾರ ಮಾತ್ರ ನಿಮಗೆ ಹಿಡಿಸಿದ್ದು ತನ್ನಿ ಎಂದರು. ಮೈಸೂರಿನಲ್ಲಿ ಇರುವೆ ಗೂಡಿಗೆ ಸಕ್ಕರೆ ಹಾಕುತ್ತಿದ್ದ ಅಜ್ಜಿಯ ಮೊಮ್ಮಗ ನಾನು. ಒಲ್ಲೆ ಎನ್ನೋಣವೆಂದರೆ ಹೆಂಡತಿ ಪದ್ಮ ಬಿಡಲಿಲ್ಲ. "ಬೀಗರು ಮೊದಲ್ನೇ ಸಲ ಕರೀತಿದಾರೆ ಕಣ್ರೀ. ಇಲ್ಲ ಅಂದ್ರೆ ನಾಳೆ ಮಗಳು ಆ ಮನೇಲಿ ಹೆಂಗೆ ಮುಖ ತೋರ್ಸೋದು?"

ಅತ್ತ ದರಿ, ಇತ್ತ ಪುಲಿ. ಬೀಗರ ಮನಸ್ಸು ನೋಯಬಾರದು, ನನ್ನ ಕೈಯಿಂದ ಒಂದು ಜೀವವೂ ಹೋಗಬಾರದು. ಯೋಚಿಸಿ ಯೋಚಿಸಿ ಉಪಾಯ ಕಂಡುಕೊಂಡೆ: ಹೋಗುವುದು, ಆದರೆ ಯಾವ ಮೀನೂ ಕಚ್ಚದಂಥ ದಾರವನ್ನು ಆರಿಸಿಕೊಂಡು ಹೋಗುವುದು.

ಹತ್ತು ರಿವ್ಯೂ ಓದದೆ ಕುಕ್ಕರಿನ ಗ್ಯಾಸ್ಕೆಟ್ಟನ್ನೂ ಕೊಳ್ಳದ ಜನ ನಾವು, ಕ್ಯಾಲಿಫೋರ್ನಿಯಾದ ಈ ಬೇ ಏರಿಯಾದ ಇಂಜಿನಿಯರುಗಳು. ಮೂರು ಬಗೆಯ ದಾರ ತರಿಸಿದೆ. ಆದರೆ ನಮ್ಮ ಡ್ಯಾನ್‌ವಿಲ್‌ನಲ್ಲಿ ಐಸು ಇರುವುದು ಫ್ರೀಜರಿನಲ್ಲಿ ಮಾತ್ರ. ಮೂರನ್ನೂ ನೀರಿನಲ್ಲಿ ಅದ್ದಿ, ಮೂರು ಚಮಚಕ್ಕೆ ಸುತ್ತಿ, ಹಿದುಕಿದ ಅವರೆಬೇಳೆಗೂ ತೆಂಗಿನ ತುರಿಗೂ ನಡುವೆ ಇಟ್ಟೆ. ಹೆಣೆದ ದಾರ ನೀರು ಕುಡಿದು ದೀಪದ ಬತ್ತಿಯಂತೆ ಸೆಟೆದು ನಿಂತಿತು. ಎರಡನೆಯದು, ಗಾಳದ ಪಂಡಿತರೆಲ್ಲ ಮೆಚ್ಚುವ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ಕಿನ ಸಣ್ಣ ಎಳೆ, ಏನೂ ಆಗದಂತೆ ಹೊರಬಂತು. ನೀರಿನಲ್ಲಿ ಅದು ಕಾಣುವುದೇ ಇಲ್ಲವಂತೆ. ಮಬ್ಬಿನಲ್ಲೂ ಬೆಕ್ಕಿನ ಹಾಗೆ ನೋಡಬಲ್ಲ ವಾಲೈಯನ್ನು ಮೋಸಗೊಳಿಸುವುದು ಇದೇ. ತಕ್ಷಣ ಪಕ್ಕಕ್ಕಿಟ್ಟೆ. ಮೂರನೆಯದು ದಪ್ಪ ನೈಲಾನು. ಚಳಿಗೆ ಸುರುಳಿ ಸುತ್ತಿಕೊಂಡು ಚಕ್ಕುಲಿಯಾಗಿತ್ತು. ಕುರುಡು ಮೀನೂ ಕಂಡು ಓಡೀತು. ಆಹಾ, ಇದೇ ನನ್ನ ದಾರ!

ಅಷ್ಟರಲ್ಲಿ ಪದ್ಮ ತುರಿಗೆ ಕೈಹಾಕಿದಳು. "ಅಯ್ಯೋ ರಾಮ! ಕಾಯಿ ತುರಿ ಪಕ್ಕ ಮೀನಿನ ದಾರಾನಾ?"

"ಹೊಸದು ಕಣೇ, ಇನ್ನೂ ಮೀನಿನ ಮುಖಾನೇ ನೋಡಿಲ್ಲ."

ನನ್ನ ವಾದ ನಡೆಯಲಿಲ್ಲ. ಇಡೀ ಫ್ರೀಜರು ತೊಳೆದೆ.

ಜನವರಿಯಲ್ಲಿ ಕೆರೆಯ ಮೇಲೆ ಕಾರ್ಲ್ ನನ್ನ ದಾರವನ್ನು ಬೆರಳಲ್ಲಿ ತಿರುಗಿಸಿ ನೋಡಿ, ಗಟ್ಟಿಯಾಗಿದೆ ಎಂದಷ್ಟೇ ಹೇಳಿದರು. ತಾವೇ ಗಾಳ ಕಟ್ಟಿ ತೂತಿನೊಳಗೆ ಇಳಿಬಿಟ್ಟುಕೊಟ್ಟರು. ನಾಲ್ಕು ಗಂಟೆ ಕುಳಿತೆವು. ನಾನು ಮನಸ್ಸಿನಲ್ಲೇ ರಾಯರನ್ನು ನೆನೆಯುತ್ತಿದ್ದೆ. ದಾರ ಸ್ವಲ್ಪ ಅಲುಗಿದರೂ ಎದೆ ಧಸಕ್ಕೆನ್ನುತ್ತಿತ್ತು. ಅವರು ಆಗಾಗ ನನ್ನ ಬೆನ್ನು ತಟ್ಟಿ, ತಾಳ್ಮೆ ಬೇಕು, ಮೀನು ಬಂದೇ ಬರುತ್ತದೆ ಎಂದು ಧೈರ್ಯ ಹೇಳುತ್ತಿದ್ದರು. ಬರಲಿಲ್ಲ. ಸಂಜೆ ದಾರ ಮೇಲೆಳೆದಾಗ ನನಗಾದ ನೆಮ್ಮದಿಯನ್ನು ಏನೆಂದು ಹೇಳಲಿ! ಮುಖದ ಮೇಲೆ ಮಾತ್ರ ಒಂದಿಷ್ಟು ನಿರಾಸೆ ಬಳಿದುಕೊಂಡೆ.

ಆಗ ಗಾಳದ ಕಡೆ ನೋಡಿದೆ. ಎರೆಯೇ ಇರಲಿಲ್ಲ. ತಿಂದು ಹೋದ ಗುರುತೂ ಇಲ್ಲ, ಸಿಕ್ಕಿಸಿಯೇ ಇರಲಿಲ್ಲ.

ಕಾರ್ಲ್ ನಕ್ಕರು. "ವಾಲೈಗೆ ಇಂಥ ಹಗ್ಗ ತಂದವರನ್ನು ನಾನು ಕಂಡಿಲ್ಲ. ಹಿಡಿಯಬಾರದು ಅಂತ ಇಷ್ಟು ಕಷ್ಟಪಟ್ಟಿದ್ದೀರಿ, ಹಾಗಿರುವಾಗ ಎರೆ ಯಾಕೆ ಅನ್ನಿಸಿತು" ಎಂದರು.

ನಾಚಿಕೆಯನ್ನು ಮುಚ್ಚಿಕೊಳ್ಳಲು, ನಿಮಗೂ ಇವತ್ತು ಏನೂ ಸಿಗಲಿಲ್ಲವಲ್ಲ ಎಂದೆ. ಅವರು ತಮ್ಮ ದಾರವನ್ನೂ ಸುತ್ತಿ ಮೇಲೆಳೆದರು. ಫ್ಲೋರೋಕಾರ್ಬನ್ನೇ. ಕಣ್ಣಿಗೆ ಕಾಣದಷ್ಟು ತೆಳುವಾದ ಆ ದಾರದ ತುದಿಯಲ್ಲೂ ಎರೆಯಿಲ್ಲದ ಬರಿಯ ಗಾಳವೇ ತೂಗಾಡುತ್ತಿತ್ತು.